ಕೃತಕ ಬುದ್ಧಿಮತ್ತೆ ಕಾಯ್ದೆ: ಸಣ್ಣ ಉದ್ದಿಮೆಯ ಸಿದ್ಧತೆ ಎಲ್ಲಿಂದ ಆರಂಭ?

ಕೃತಕ ಬುದ್ಧಿಮತ್ತೆಯ ಬಳಕೆಯನ್ನು ಸಮಗ್ರವಾಗಿ ನಿಯಂತ್ರಿಸುವ ಜಗತ್ತಿನ ಮೊದಲ ಕಾಯ್ದೆ ಎಂದೇ ಹೆಸರಾದ ಐರೋಪ್ಯ ಒಕ್ಕೂಟದ ನಿಯಮಾವಳಿ 2024ರ ಆಗಸ್ಟ್ 1ರಂದು ಜಾರಿಗೆ ಬಂದಿತು. 113 ವಿಧಿಗಳು ಹಾಗೂ 13 ಅನುಬಂಧಗಳನ್ನು ಒಳಗೊಂಡ ಈ ಶಾಸನ ಗೂಗಲ್, ಮೈಕ್ರೋಸಾಫ್ಟ್, ಓಪನ್‌ಎಐನಂತಹ ದೈತ್ಯ ಕಂಪನಿಗಳನ್ನು ಹದ್ದುಬಸ್ತಿನಲ್ಲಿಡಲು ರೂಪುಗೊಂಡದ್ದು ಎಂಬ ಭಾವನೆ ವ್ಯಾಪಕವಾಗಿದೆ. ಶಾಸನದ ಪಠ್ಯವನ್ನು ಓದಿದವರಿಗೆ ಕಾಣುವ ಚಿತ್ರವೇ ಬೇರೆ.

ಜರ್ಮನಿಯ ಸಣ್ಣ ಪಟ್ಟಣವೊಂದರಲ್ಲಿ ಮೂವತ್ತು ಮಂದಿ ದುಡಿಯುವ ಕಾರ್ಖಾನೆಯು ಉದ್ಯೋಗಾರ್ಥಿಗಳ ಅರ್ಜಿಗಳನ್ನು ಜರಡಿ ಹಿಡಿಯಲು ಸಿದ್ಧ ತಂತ್ರಾಂಶವೊಂದನ್ನು ಕೊಂಡರೂ ಸಾಕು, ಈ ಕಾಯ್ದೆ ಅದರ ಬಾಗಿಲು ತಟ್ಟುತ್ತದೆ. ಆ ತಂತ್ರಾಂಶವನ್ನು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇಪ್ಪತ್ತು ಮಂದಿಯ ಸಂಸ್ಥೆಯೊಂದು ತಯಾರಿಸಿ ಕಳುಹಿಸಿದ್ದರೆ, ಸಮುದ್ರದಾಚೆಯ ಆ ಸಂಸ್ಥೆಯೂ ಹೊಣೆಗಾರಿಕೆಯಿಂದ ತಪ್ಪಿಸಿಕೊಳ್ಳಲಾರದು.

ಇಂತಹ ಸಂಸ್ಥೆಗಳಲ್ಲಿ ಪ್ರತ್ಯೇಕ ಕಾನೂನು ವಿಭಾಗವಿರುವುದಿಲ್ಲ. ಮಾಲೀಕರೇ ಲೆಕ್ಕ, ನೇಮಕಾತಿ, ಖರೀದಿ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಅಂಥವರಿಗೆ ಸಿದ್ಧತೆಯ ಮೊದಲ ಪಾಠ ಅಷ್ಟೇನೂ ಕಠಿಣವಲ್ಲ. ಯಾವ ಉಪಕರಣ ಬಳಕೆಯಲ್ಲಿದೆ, ಅದು ಯಾರ ಬದುಕಿನ ಬಗ್ಗೆ ತೀರ್ಪು ಕೊಡುತ್ತಿದೆ, ಆ ತೀರ್ಪಿಗೆ ಉತ್ತರ ಕೊಡಬೇಕಾದವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಇರಿಸಿಕೊಂಡ ಸಂಸ್ಥೆ ಅರ್ಧ ದಾರಿ ಕ್ರಮಿಸಿದಂತೆ. ಉಳಿದ ಅರ್ಧ ದಾರಿಯ ವಿವರ ಇಲ್ಲಿದೆ.

ಕಾಯ್ದೆ ಹುಟ್ಟಿದ ಹಿನ್ನೆಲೆ

ಐರೋಪ್ಯ ಆಯೋಗವು ಈ ಶಾಸನದ ಕರಡನ್ನು 2021ರ ಏಪ್ರಿಲ್ 21ರಂದು ಮಂಡಿಸಿತು. ಐರೋಪ್ಯ ಸಂಸತ್ತು 2024ರ ಮಾರ್ಚ್ 13ರಂದು ಅದಕ್ಕೆ ಅಂಗೀಕಾರ ನೀಡಿತು. ಸದಸ್ಯ ರಾಷ್ಟ್ರಗಳ ಮಂಡಳಿಯ ಒಪ್ಪಿಗೆ ಮೇ 21ರಂದು ದೊರೆಯಿತು. ಜುಲೈ 12ರಂದು ಅಧಿಕೃತ ರಾಜಪತ್ರದಲ್ಲಿ ಅದು ಪ್ರಕಟವಾಯಿತು.

ಈ ಮೂರು ವರ್ಷಗಳ ಚರ್ಚೆಯ ಹಿಂದೆ ಯುರೋಪಿನ ಕಹಿ ಅನುಭವಗಳಿದ್ದವು. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಗೆ ಸರ್ಕಾರ ನೀಡುವ ಭತ್ಯೆಯಲ್ಲಿ ವಂಚನೆ ಪತ್ತೆಹಚ್ಚಲು ತೆರಿಗೆ ಇಲಾಖೆಯು ಅರ್ಜಿದಾರರಿಗೆ ಅಪಾಯದ ಅಂಕ ನೀಡುವ ಗಣಕ ವ್ಯವಸ್ಥೆಯೊಂದನ್ನು ಬಳಸುತ್ತಿತ್ತು. ಡಚ್ ಪೌರತ್ವ ಇದೆಯೇ ಇಲ್ಲವೇ ಎಂಬುದೂ ಆ ಅಂಕವನ್ನು ನಿರ್ಧರಿಸುವ ಅಂಶಗಳಲ್ಲಿ ಒಂದಾಗಿತ್ತು. ಯಾವ ತಪ್ಪನ್ನೂ ಮಾಡದ ಸಾವಿರಾರು ಪೋಷಕರು ವಂಚಕರೆನಿಸಿಕೊಂಡರು. ಪಡೆದ ಭತ್ಯೆಯನ್ನೆಲ್ಲ ಮರಳಿಸುವಂತೆ ಬಂದ ಆದೇಶದಿಂದ ಅನೇಕ ಕುಟುಂಬಗಳು ಸಾಲದ ಸುಳಿಗೆ ಸಿಲುಕಿದವು. ಈ ಹಗರಣದ ಹೊಣೆ ಹೊತ್ತು 2021ರ ಜನವರಿ 15ರಂದು ಪ್ರಧಾನಿ ಮಾರ್ಕ್ ರುಟ್ಟೆ ನೇತೃತ್ವದ ಸಂಪುಟ ರಾಜೀನಾಮೆ ನೀಡಿತು.

ಖಾಸಗಿ ವಲಯದ ಉದಾಹರಣೆಯೂ ಇದೆ. ಅಮೆಜಾನ್ ಕಂಪನಿ ನೇಮಕಾತಿಗಾಗಿ ಪ್ರಾಯೋಗಿಕವಾಗಿ ಸಿದ್ಧಪಡಿಸಿದ್ದ ವ್ಯವಸ್ಥೆಯೊಂದು ಮಹಿಳೆಯರ ಅರ್ಜಿಗಳಿಗೆ ಕಡಿಮೆ ಅಂಕ ನೀಡುತ್ತಿತ್ತೆಂದೂ, ಅದನ್ನು ಕಂಪನಿ ಕೈಬಿಟ್ಟಿತೆಂದೂ 2018ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿತು. ಹತ್ತು ವರ್ಷಗಳ ಹಳೆಯ ಅರ್ಜಿಗಳನ್ನು ನೋಡಿ ಯಂತ್ರ ಕಲಿತಿತ್ತು. ಅವುಗಳಲ್ಲಿ ಹೆಚ್ಚಿನವು ಪುರುಷರವಾಗಿದ್ದವು. ಹಳೆಯ ಪಕ್ಷಪಾತವನ್ನೇ ಯಂತ್ರ ಹೊಸ ನಿಯಮವಾಗಿ ಮಾಡಿಕೊಂಡಿತು. ಅಮೆಜಾನ್‌ನಲ್ಲಿ ದೋಷ ಹುಡುಕುವ ತಜ್ಞರಿದ್ದರು. ಅದೇ ಬಗೆಯ ಉಪಕರಣವನ್ನು ತಿಂಗಳ ಬಾಡಿಗೆಗೆ ಪಡೆಯುವ ಸಣ್ಣ ಉದ್ದಿಮೆಗೆ ಅಂತಹ ತಜ್ಞರು ಎಲ್ಲಿಂದ ಬರಬೇಕು? ಕಾಯ್ದೆಯ ಕಟ್ಟುಪಾಡುಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕಾಗುತ್ತದೆ.

ಮೊದಲ ಹೆಜ್ಜೆ: ಉಪಕರಣಗಳ ಪಟ್ಟಿ

ಸಂಸ್ಥೆಯಲ್ಲಿ ಬಳಕೆಯಲ್ಲಿರುವ ಎಲ್ಲ ಎಐ ಉಪಕರಣಗಳನ್ನು ಪಟ್ಟಿ ಮಾಡುವುದು ಸಿದ್ಧತೆಯ ಬುನಾದಿ. ಕಾಯ್ದೆಯ ಪ್ರಕಾರ, ತನಗೆ ದೊರೆತ ಮಾಹಿತಿಯಿಂದ ಮುನ್ಸೂಚನೆ, ಶಿಫಾರಸು, ನಿರ್ಧಾರ ಅಥವಾ ಹೊಸ ಬರಹ, ಚಿತ್ರ ಮುಂತಾದವನ್ನು ಹೇಗೆ ನೀಡಬೇಕೆಂದು ಸ್ವಲ್ಪಮಟ್ಟಿಗಾದರೂ ತಾನೇ ಊಹಿಸಿಕೊಳ್ಳುವ ಯಾಂತ್ರಿಕ ವ್ಯವಸ್ಥೆ ಕೃತಕ ಬುದ್ಧಿಮತ್ತೆ ಎನಿಸಿಕೊಳ್ಳುತ್ತದೆ. ಮನುಷ್ಯರು ಬರೆದಿಟ್ಟ ಸೂತ್ರದಂತೆ ಸಂಬಳದ ಲೆಕ್ಕ ಹಾಕುವ ಸಾಮಾನ್ಯ ತಂತ್ರಾಂಶ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಪಟ್ಟಿ ಮಾಡಲು ಕುಳಿತಾಗ ಅನಿರೀಕ್ಷಿತ ಸಂಗತಿಗಳು ಹೊರಬೀಳುವುದುಂಟು. ಜಾಲತಾಣದಲ್ಲಿ ಗಿರಾಕಿಗಳೊಡನೆ ಮಾತಿಗಿಳಿಯುವ ಚಾಟ್‌ಬಾಟ್, ಮಾರಾಟ ಸಿಬ್ಬಂದಿ ತಮ್ಮಷ್ಟಕ್ಕೆ ಬಳಸುತ್ತಿರುವ ಚಾಟ್‌ಜಿಪಿಟಿ, ಲೆಕ್ಕಪತ್ರದ ತಂತ್ರಾಂಶಕ್ಕೆ ಹೊಸ ಆವೃತ್ತಿಯಲ್ಲಿ ಸದ್ದಿಲ್ಲದೆ ಸೇರಿಕೊಂಡ ಮುನ್ಸೂಚನೆಯ ಸೌಲಭ್ಯ, ನೇಮಕಾತಿ ತಾಣವು ಅರ್ಜಿದಾರರಿಗೆ ನೀಡುವ ಶ್ರೇಯಾಂಕ ಇವೆಲ್ಲವೂ ಪಟ್ಟಿಗೆ ಸೇರಬೇಕು. ಮಾಲೀಕರಿಗೆ ತಿಳಿಯದೆ ಸಿಬ್ಬಂದಿ ಬಳಸುವ ಉಪಕರಣವೂ ಕಚೇರಿಯ ಕೆಲಸಕ್ಕೆ ಬಳಕೆಯಾದರೆ ಅದು ಸಂಸ್ಥೆಯ ಬಳಕೆಯೇ ಆಗುತ್ತದೆ.

ಪ್ರತಿ ಉಪಕರಣದ ಮುಂದೆ ಈ ಕೆಳಗಿನ ವಿವರಗಳನ್ನು ಬರೆದಿಡುವುದು ಒಳಿತು:

1. ಉಪಕರಣದ ಹೆಸರು, ಆವೃತ್ತಿ ಮತ್ತು ಅದನ್ನು ಒದಗಿಸಿದವರು.
2. ಯಾವ ಕೆಲಸಕ್ಕೆ, ಯಾವ ವಿಭಾಗದಲ್ಲಿ, ಎಂದಿನಿಂದ ಬಳಕೆಯಲ್ಲಿದೆ.
3. ಅದಕ್ಕೆ ಯಾರ ವೈಯಕ್ತಿಕ ಮಾಹಿತಿ ಉಣಿಸಲಾಗುತ್ತಿದೆ.
4. ಅದರ ಫಲಿತಾಂಶದಿಂದ ಯಾರಿಗೆ ಏನು ದೊರೆಯುತ್ತದೆ ಅಥವಾ ತಪ್ಪಿಹೋಗುತ್ತದೆ.
5. ಆ ಫಲಿತಾಂಶವನ್ನು ಒಪ್ಪುವ ಅಥವಾ ತಳ್ಳಿಹಾಕುವ ಅಧಿಕಾರ ಯಾರಿಗಿದೆ.

ಇವುಗಳಲ್ಲಿ ನಾಲ್ಕನೆಯದೇ ಮುಖ್ಯ. ಒಂದೇ ತಂತ್ರಜ್ಞಾನ ಕಾರ್ಖಾನೆಯ ಯಂತ್ರದ ಬಿಡಿಭಾಗಗಳಲ್ಲಿ ದೋಷವಿರುವುದನ್ನು ಆರಿಸಿದಾಗ ಕಾಯ್ದೆಯ ಗಮನಕ್ಕೆ ಅಷ್ಟಾಗಿ ಬಾರದು. ಅದು ಉದ್ಯೋಗಾರ್ಥಿಗಳನ್ನು ಆರಿಸತೊಡಗಿದ ಗಳಿಗೆಯಲ್ಲಿ ಕಟ್ಟುನಿಟ್ಟಿನ ವರ್ಗಕ್ಕೆ ಸೇರುತ್ತದೆ. ತಂತ್ರಜ್ಞಾನಕ್ಕಿಂತ ಬಳಕೆಯ ಉದ್ದೇಶವನ್ನು ಅಳೆಯುವುದು ಈ ಶಾಸನದ ಮೂಲ ಧೋರಣೆ.

ಎರಡನೆಯ ಹೆಜ್ಜೆ: ಸಂಸ್ಥೆಯ ಪಾತ್ರ ಯಾವುದು?

ಕಾಯ್ದೆಯು ಉದ್ದಿಮೆಗಳನ್ನು ಅವುಗಳ ಪಾತ್ರಕ್ಕೆ ತಕ್ಕಂತೆ ವಿಂಗಡಿಸುತ್ತದೆ. ಎಐ ವ್ಯವಸ್ಥೆಯನ್ನು ತಯಾರಿಸಿ, ಅಥವಾ ಬೇರೆಯವರಿಂದ ತಯಾರಿಸಿಕೊಂಡು, ತನ್ನ ಹೆಸರಿನಲ್ಲಿ ಮಾರುಕಟ್ಟೆಗೆ ತರುವ ಸಂಸ್ಥೆ ‘ಒದಗಿಸುವ ಸಂಸ್ಥೆ’. ಅದನ್ನು ತನ್ನ ವೃತ್ತಿಗಾಗಿ ಉಪಯೋಗಿಸುವುದು ‘ಬಳಸುವ ಸಂಸ್ಥೆ’. ಆಮದುದಾರರು ಮತ್ತು ವಿತರಕರಿಗೂ ಪ್ರತ್ಯೇಕ ಹೊಣೆಗಳಿವೆ. ಒದಗಿಸುವವರ ಮೇಲಿನ ಭಾರ ಹೆಚ್ಚು, ಬಳಸುವವರ ಮೇಲಿನದು ಕಡಿಮೆ. ಬಹುತೇಕ ಸಣ್ಣ ಉದ್ದಿಮೆಗಳು ಎರಡನೆಯ ಗುಂಪಿನವು.

ಆದರೆ ಈ ಗಡಿ ದಾಟುವುದು ಬಹಳ ಸುಲಭ. ಬೇರೊಬ್ಬರ ಉನ್ನತ ಅಪಾಯದ ವ್ಯವಸ್ಥೆಗೆ ತನ್ನ ಹೆಸರು ಅಥವಾ ವಾಣಿಜ್ಯ ಮುದ್ರೆ ಹಾಕಿ ಮಾರಿದರೆ, ಅದರಲ್ಲಿ ಗಣನೀಯ ಮಾರ್ಪಾಡು ಮಾಡಿದರೆ, ಇಲ್ಲವೇ ಸಾಮಾನ್ಯ ಉದ್ದೇಶದ ವ್ಯವಸ್ಥೆಯನ್ನು ಉನ್ನತ ಅಪಾಯದ ಕೆಲಸಕ್ಕೆ ತಿರುಗಿಸಿಕೊಂಡರೆ ಬಳಸುವ ಸಂಸ್ಥೆಯೇ ಒದಗಿಸುವ ಸಂಸ್ಥೆಯೆನಿಸಿಕೊಳ್ಳುತ್ತದೆ ಎಂದು 25ನೇ ವಿಧಿ ಸಾರುತ್ತದೆ. ಪತ್ರ ಬರೆಯಲು ತಂದುಕೊಂಡ ಸಾಮಾನ್ಯ ಚಾಟ್‌ಬಾಟ್‌ನಿಂದ ಅರ್ಜಿದಾರರಿಗೆ ಅಂಕ ಕೊಡಿಸುವ ವ್ಯವಸ್ಥೆ ಕಟ್ಟಿಕೊಂಡ ಸಂಸ್ಥೆಗೆ ತಯಾರಕರ ಸಂಪೂರ್ಣ ಹೊಣೆ ಹೆಗಲೇರಬಹುದು.

ಕಾಯ್ದೆಯ ಭೌಗೋಳಿಕ ವ್ಯಾಪ್ತಿ ಇನ್ನೊಂದು ಮುಖ್ಯ ಅಂಶ. ಒಕ್ಕೂಟದ ಮಾರುಕಟ್ಟೆಗೆ ಎಐ ವ್ಯವಸ್ಥೆಯನ್ನು ತರುವ ಸಂಸ್ಥೆ ಎಲ್ಲಿಯೇ ನೆಲೆಸಿದ್ದರೂ ಕಾಯ್ದೆಗೆ ಒಳಪಡುತ್ತದೆ. ಅಷ್ಟೇ ಅಲ್ಲ, ವ್ಯವಸ್ಥೆ ಹೊರದೇಶದಲ್ಲೇ ನಡೆಯುತ್ತಿದ್ದು ಅದರ ಫಲಿತಾಂಶ ಮಾತ್ರ ಒಕ್ಕೂಟದೊಳಗೆ ಬಳಕೆಯಾದರೂ ಕಾಯ್ದೆ ಅನ್ವಯಿಸುತ್ತದೆ. ಬೆಂಗಳೂರಿನ ಸರ್ವರ್‌ನಲ್ಲಿ ಅರ್ಜಿಗಳನ್ನು ಪರಿಶೀಲಿಸಿ, ಆಯ್ದ ಹೆಸರುಗಳ ಪಟ್ಟಿಯನ್ನಷ್ಟೇ ಆಮ್‌ಸ್ಟರ್‌ಡ್ಯಾಮ್‌ಗೆ ಕಳುಹಿಸುವ ಸಂಸ್ಥೆ ‘ನಮ್ಮದು ಭಾರತದ ಕಂಪನಿ’ ಎಂದು ನುಣುಚಿಕೊಳ್ಳಲಾಗದು.

ಮೂರನೆಯ ಹೆಜ್ಜೆ: ಅಪಾಯದ ವರ್ಗೀಕರಣ

ಪಟ್ಟಿಯಲ್ಲಿರುವ ಪ್ರತಿ ಉಪಕರಣವನ್ನೂ ನಾಲ್ಕು ವರ್ಗಗಳಲ್ಲಿ ಒಂದಕ್ಕೆ ಸೇರಿಸಬೇಕಾಗುತ್ತದೆ.

ನಿಷೇಧಿತ ಬಳಕೆ: 5ನೇ ವಿಧಿಯು ಕೆಲವು ಬಳಕೆಗಳನ್ನು ನಿಷೇಧಿಸಿದೆ. ಜನರನ್ನು ಅವರಿಗೆ ಅರಿವಿಲ್ಲದಂತೆ ಪ್ರಭಾವಿಸಿ ಹಾನಿ ಮಾಡುವುದು, ವಯಸ್ಸು ಅಥವಾ ಅಂಗವೈಕಲ್ಯದ ದುರ್ಬಲತೆಯನ್ನು ದುರುಪಯೋಗಪಡಿಸಿಕೊಳ್ಳುವುದು, ನಡವಳಿಕೆಗೆ ಸಾಮಾಜಿಕ ಅಂಕ ನೀಡಿ ಅನ್ಯಾಯದ ಉಪಚಾರಕ್ಕೆ ಗುರಿಪಡಿಸುವುದು, ಅಂತರ್ಜಾಲದಿಂದ ಗುರಿಯಿಲ್ಲದೆ ಮುಖಚಿತ್ರಗಳನ್ನು ಬಾಚಿ ಸಂಗ್ರಹ ಮಾಡುವುದು ಇವುಗಳಲ್ಲಿ ಸೇರಿವೆ. ಸಣ್ಣ ಉದ್ದಿಮೆಗಳು ಎಚ್ಚರ ವಹಿಸಬೇಕಾದದ್ದು ಕೆಲಸದ ಸ್ಥಳ ಹಾಗೂ ಶಿಕ್ಷಣ ಸಂಸ್ಥೆಗಳಲ್ಲಿ ಮುಖ, ದನಿಯಿಂದ ಭಾವನೆಗಳನ್ನು ಊಹಿಸುವ ಉಪಕರಣಗಳ ವಿಚಾರದಲ್ಲಿ. ವೈದ್ಯಕೀಯ ಅಥವಾ ಸುರಕ್ಷತೆಯ ಕಾರಣವಿಲ್ಲದಿದ್ದರೆ ಇದಕ್ಕೆ ಅವಕಾಶವಿಲ್ಲ. ಕಾಲ್ ಸೆಂಟರ್ ಸಿಬ್ಬಂದಿಯ ದನಿಯಲ್ಲಿ ಬೇಸರವಿದೆಯೇ ಎಂದು ಅಳೆಯುವ ಸೌಲಭ್ಯ ತಂತ್ರಾಂಶದಲ್ಲಿ ಅಡಕವಾಗಿದ್ದರೆ ಅದನ್ನು ಒಡನೆಯೇ ನಿಲ್ಲಿಸಬೇಕು.

ಉನ್ನತ ಅಪಾಯ: ಮೂರನೇ ಅನುಬಂಧವು ಎಂಟು ಕ್ಷೇತ್ರಗಳನ್ನು ಹೆಸರಿಸುತ್ತದೆ. ಜೈವಿಕ ಗುರುತು, ಅತ್ಯಗತ್ಯ ಮೂಲಸೌಕರ್ಯ, ಶಿಕ್ಷಣ, ಉದ್ಯೋಗ, ಅಗತ್ಯ ಸೇವೆಗಳು, ಪೊಲೀಸ್ ವ್ಯವಸ್ಥೆ, ವಲಸೆ ಮತ್ತು ಗಡಿ ನಿಯಂತ್ರಣ, ನ್ಯಾಯದಾನ ಹಾಗೂ ಪ್ರಜಾಸತ್ತಾತ್ಮಕ ಪ್ರಕ್ರಿಯೆ ಇವೇ ಆ ಕ್ಷೇತ್ರಗಳು. ಅರ್ಜಿಗಳ ಆಯ್ಕೆ, ನೌಕರರ ಬಡ್ತಿ ಮತ್ತು ವಜಾ, ಸಾಲ ಪಡೆಯುವವರ ಅರ್ಹತೆಯ ಅಂಕ, ಜೀವ ಮತ್ತು ಆರೋಗ್ಯ ವಿಮೆಯ ದರ ನಿಗದಿ ಇಲ್ಲಿಗೆ ಸೇರುತ್ತವೆ. ಆಟಿಕೆ, ಲಿಫ್ಟ್, ವೈದ್ಯಕೀಯ ಸಾಧನಗಳಂತಹ ಉತ್ಪನ್ನಗಳಲ್ಲಿ ಸುರಕ್ಷತೆಯ ಭಾಗವಾಗಿರುವ ಎಐ ಕೂಡ, ಆ ಉತ್ಪನ್ನಕ್ಕೆ ಹೊರಗಿನ ಸಂಸ್ಥೆಯ ತಪಾಸಣೆ ಕಡ್ಡಾಯವಿದ್ದಲ್ಲಿ, ಉನ್ನತ ಅಪಾಯದ್ದೇ.

ಪಾರದರ್ಶಕತೆಯ ವರ್ಗ: ಚಾಟ್‌ಬಾಟ್‌ಗಳು ಹಾಗೂ ಕೃತಕವಾಗಿ ಸೃಷ್ಟಿಸಿದ ಚಿತ್ರ, ದನಿ, ದೃಶ್ಯಗಳು ಈ ಗುಂಪಿಗೆ ಸೇರುತ್ತವೆ. ಎದುರಿಗಿರುವುದು ಯಂತ್ರ ಎಂಬುದನ್ನು ಜನರಿಗೆ ತಿಳಿಸುವುದು ಇಲ್ಲಿನ ಮುಖ್ಯ ಕರ್ತವ್ಯ.

ಕನಿಷ್ಠ ಅಪಾಯ: ಅನಪೇಕ್ಷಿತ ಇಮೇಲ್‌ಗಳನ್ನು ಸೋಸುವುದು, ಗೋದಾಮಿನ ದಾಸ್ತಾನು ಅಂದಾಜು ಮಾಡುವುದು ಮುಂತಾದವು. ಇವುಗಳಿಗೆ ಕಾಯ್ದೆ ವಿಶೇಷ ಷರತ್ತು ವಿಧಿಸುವುದಿಲ್ಲ.

ಅನುಬಂಧದಲ್ಲಿ ಹೆಸರಿಸಿದ ಕ್ಷೇತ್ರವಾದರೂ ಉಪಕರಣವು ಸಣ್ಣ ಪ್ರಕ್ರಿಯೆಯ ಕೆಲಸವನ್ನಷ್ಟೇ ಮಾಡುತ್ತಿದ್ದರೆ, ಅಂದರೆ ಅರ್ಜಿಗಳನ್ನು ದಿನಾಂಕವಾರು ಜೋಡಿಸುವಂತಹ ಕೆಲಸವಿದ್ದರೆ, ವಿನಾಯಿತಿಗೆ ಅವಕಾಶವಿದೆ. ಆದರೆ ವ್ಯಕ್ತಿಗಳ ಗುಣ, ನಡತೆ, ಸಾಮರ್ಥ್ಯಗಳನ್ನು ಯಂತ್ರವೇ ಅಂದಾಜಿಸಿ ಚಿತ್ರ ಕಟ್ಟುವುದಾದರೆ ಆ ವಿನಾಯಿತಿ ದೊರೆಯದು. ವಿನಾಯಿತಿ ಇದೆಯೆಂದು ನಂಬಿದ ಒದಗಿಸುವ ಸಂಸ್ಥೆ ಅದಕ್ಕೆ ಕಾರಣವನ್ನು ಮುಂಚಿತವಾಗಿ ಬರೆದಿಡಬೇಕು.

ಬಳಸುವ ಸಂಸ್ಥೆಯ ಕರ್ತವ್ಯಗಳು

ಉನ್ನತ ಅಪಾಯದ ಉಪಕರಣ ಬಳಸುವವರ ಕರ್ತವ್ಯಗಳನ್ನು 26ನೇ ವಿಧಿ ವಿವರಿಸುತ್ತದೆ. ತಯಾರಕರ ಸೂಚನೆಗಳಿಗೆ ಅನುಗುಣವಾಗಿಯೇ ಅದನ್ನು ಬಳಸಬೇಕು. ಅದರ ಮೇಲ್ವಿಚಾರಣೆಗೆ ತರಬೇತಿ, ಸಾಮರ್ಥ್ಯ ಹಾಗೂ ಅಧಿಕಾರ ಇರುವ ವ್ಯಕ್ತಿಯನ್ನು ನೇಮಿಸಬೇಕು. ಸಂಸ್ಥೆಯೇ ಮಾಹಿತಿ ಉಣಿಸುತ್ತಿದ್ದರೆ ಅದು ಉದ್ದೇಶಕ್ಕೆ ತಕ್ಕದ್ದಾಗಿದೆಯೇ ಎಂದು ನೋಡಿಕೊಳ್ಳಬೇಕು. ಯಂತ್ರ ತಾನಾಗಿ ದಾಖಲಿಸುವ ವಿವರಗಳನ್ನು ಕನಿಷ್ಠ ಆರು ತಿಂಗಳು ಕಾಪಾಡಬೇಕು. ಗಂಭೀರ ಅವಘಡ ಕಂಡುಬಂದರೆ ತಯಾರಕರಿಗೂ ಮೇಲ್ವಿಚಾರಣಾ ಪ್ರಾಧಿಕಾರಕ್ಕೂ ತಿಳಿಸಬೇಕು.

ಕೆಲಸದ ಸ್ಥಳದಲ್ಲಿ ಇಂತಹ ವ್ಯವಸ್ಥೆ ಅಳವಡಿಸುವ ಮೊದಲು ನೌಕರರಿಗೂ ಅವರ ಪ್ರತಿನಿಧಿಗಳಿಗೂ ತಿಳಿಸುವುದು ಕಡ್ಡಾಯ. ಯಂತ್ರದ ನೆರವಿನಿಂದ ತಮ್ಮ ಬಗ್ಗೆ ನಿರ್ಧಾರವಾಗುತ್ತಿದೆ ಎಂಬುದು ಅರ್ಜಿದಾರರಿಗೂ ತಿಳಿದಿರಬೇಕು. ತನ್ನ ಹಕ್ಕು, ಆರೋಗ್ಯ, ಸುರಕ್ಷತೆಗಳ ಮೇಲೆ ಪ್ರತಿಕೂಲ ಪರಿಣಾಮ ಬೀರುವ ನಿರ್ಧಾರದಲ್ಲಿ ಯಂತ್ರದ ಪಾತ್ರವೇನಿತ್ತು ಎಂದು ಕೇಳಿ ತಿಳಿಯುವ ಹಕ್ಕನ್ನು 86ನೇ ವಿಧಿ ವ್ಯಕ್ತಿಗೆ ನೀಡಿದೆ.

ಮೇಲ್ವಿಚಾರಣೆ ಎಂದರೆ ಪರದೆಯ ಮೇಲಿನ ‘ಒಪ್ಪಿಗೆ’ ಗುಂಡಿ ಒತ್ತುವುದಷ್ಟೇ ಅಲ್ಲ. ಯಂತ್ರದ ಅಭಿಪ್ರಾಯವನ್ನು ತಳ್ಳಿಹಾಕುವ ಅಧಿಕಾರ ಮತ್ತು ಅದಕ್ಕೆ ಬೇಕಾದ ಸಮಯ ಎರಡೂ ಆ ವ್ಯಕ್ತಿಗೆ ಇರಬೇಕು. ದಿನಕ್ಕೆ ನಾಲ್ಕು ನೂರು ಅರ್ಜಿಗಳನ್ನು ಒಬ್ಬರೇ ಗುಮಾಸ್ತರು ಅಂಗೀಕರಿಸುತ್ತಿದ್ದರೆ, ಅಲ್ಲಿ ನಿರ್ಧಾರ ಯಂತ್ರದ್ದೇ ಎಂದು ಯಾರಿಗಾದರೂ ಅನಿಸದಿರದು. ಐರೋಪ್ಯ ನ್ಯಾಯಾಲಯವೂ ಇದೇ ದಿಕ್ಕಿನಲ್ಲಿ ಯೋಚಿಸಿದೆ. ಜರ್ಮನಿಯ ಶುಫಾ ಸಂಸ್ಥೆ ನೀಡುವ ಸಾಲದ ಅಂಕಗಳನ್ನು ಕುರಿತು 2023ರ ಡಿಸೆಂಬರ್ 7ರಂದು ನೀಡಿದ ತೀರ್ಪಿನಲ್ಲಿ, ಸಾಲ ಕೊಡುವವರು ಆ ಅಂಕವನ್ನೇ ಬಲವಾಗಿ ನೆಚ್ಚಿಕೊಂಡಲ್ಲಿ ಅಂಕ ನೀಡುವುದೇ ಸ್ವಯಂಚಾಲಿತ ನಿರ್ಧಾರವಾಗುತ್ತದೆ ಎಂದು ಅದು ಹೇಳಿತು. ಆ ತೀರ್ಪು 2018ರಿಂದ ಅನ್ವಯದಲ್ಲಿರುವ ದತ್ತಾಂಶ ಸಂರಕ್ಷಣಾ ನಿಯಮಾವಳಿಯಡಿ ಬಂದದ್ದು. ಎಐ ಕಾಯ್ದೆಯ ಜೊತೆಗೆ ಆ ನಿಯಮಾವಳಿಯೂ ಅನ್ವಯಿಸುತ್ತದೆ ಎಂಬುದನ್ನು ಉದ್ದಿಮೆಗಳು ಮರೆಯಬಾರದು.

ತಯಾರಿಸುವ ಸಂಸ್ಥೆಯ ಕಡತ

ಉನ್ನತ ಅಪಾಯದ ವ್ಯವಸ್ಥೆಯನ್ನು ತಯಾರಿಸಿ ಒದಗಿಸುವ ಸಂಸ್ಥೆಯ ಕೆಲಸ ಇದಕ್ಕಿಂತ ಹಿರಿದು. ಸಂಭಾವ್ಯ ಅಪಾಯಗಳನ್ನು ಗುರುತಿಸಿ ತಗ್ಗಿಸುವ ನಿರಂತರ ವ್ಯವಸ್ಥೆ, ಕಲಿಕೆಗೆ ಬಳಸಿದ ದತ್ತಾಂಶದ ಗುಣಮಟ್ಟ ಮತ್ತು ಅದರಲ್ಲಿ ಅಡಗಿರಬಹುದಾದ ಪಕ್ಷಪಾತದ ಪರಿಶೀಲನೆ, ತಾಂತ್ರಿಕ ದಾಖಲೆ, ತಾನಾಗಿ ದಾಖಲಾಗುವ ವಿವರ, ಬಳಸುವವರಿಗೆ ಸ್ಪಷ್ಟ ಸೂಚನೆ, ಮಾನವ ಮೇಲ್ವಿಚಾರಣೆಗೆ ಅನುಕೂಲವಾದ ವಿನ್ಯಾಸ, ನಿಖರತೆ ಮತ್ತು ಸೈಬರ್ ಭದ್ರತೆ ಇವಿಷ್ಟನ್ನೂ 9ರಿಂದ 15ರವರೆಗಿನ ವಿಧಿಗಳು ಕೇಳುತ್ತವೆ.

ಇದರ ನಂತರ ಕಾಯ್ದೆಗೆ ಬದ್ಧವಾಗಿದೆಯೇ ಎಂಬ ಮೌಲ್ಯಮಾಪನ ನಡೆಯಬೇಕು. ಉದ್ಯೋಗ, ಶಿಕ್ಷಣ, ಸಾಲದಂತಹ ಕ್ಷೇತ್ರಗಳಲ್ಲಿ ಇದನ್ನು ಸಂಸ್ಥೆ ತಾನೇ ಮಾಡಿಕೊಳ್ಳಬಹುದೆಂಬುದು ಸಣ್ಣವರಿಗೆ ಸಮಾಧಾನದ ಸಂಗತಿ. ಬಳಿಕ ಬದ್ಧತೆಯ ಘೋಷಣೆಗೆ ಸಹಿ ಹಾಕಿ, ಸಿಇ ಗುರುತು ಅಂಟಿಸಿ, ಒಕ್ಕೂಟದ ದತ್ತಕೋಶದಲ್ಲಿ ನೋಂದಾಯಿಸಬೇಕು. ದಾಖಲೆಗಳನ್ನು ಹತ್ತು ವರ್ಷ ಇರಿಸಿಕೊಳ್ಳಬೇಕು. ಗಂಭೀರ ಅವಘಡ ನಡೆದರೆ ವಿಳಂಬವಿಲ್ಲದೆ, ಸಾಮಾನ್ಯವಾಗಿ ಹೆಚ್ಚೆಂದರೆ 15 ದಿನಗಳೊಳಗೆ, ವರದಿ ಮಾಡಬೇಕು.

ಒಕ್ಕೂಟದ ಹೊರಗಿನ ಸಂಸ್ಥೆಗೆ ಇನ್ನೊಂದು ಷರತ್ತಿದೆ. ಉನ್ನತ ಅಪಾಯದ ವ್ಯವಸ್ಥೆಯನ್ನು ಅಲ್ಲಿಗೆ ಕಳುಹಿಸುವ ಮೊದಲು ಒಕ್ಕೂಟದೊಳಗೆ ನೆಲೆಸಿರುವ ಅಧಿಕೃತ ಪ್ರತಿನಿಧಿಯನ್ನು ಲಿಖಿತವಾಗಿ ನೇಮಿಸಬೇಕು. ಕರ್ನಾಟಕದ ಸಣ್ಣ ಸಂಸ್ಥೆಗಳ ಖರ್ಚಿನ ಪಟ್ಟಿಗೆ ಇದೊಂದು ಹೊಸ ಸೇರ್ಪಡೆ. ತಂತ್ರಾಂಶ ಸಿದ್ಧವಾದ ಮೇಲೆ ದಾಖಲೆ ಬರೆಯಲು ಹೊರಟರೆ, ಯಾವ ದತ್ತಾಂಶ ಎಲ್ಲಿಂದ ಬಂತು, ಯಾವ ಪರೀಕ್ಷೆ ಯಾವಾಗ ನಡೆಯಿತು ಎಂಬುದನ್ನು ಕೆಲಸ ಬಿಟ್ಟುಹೋದ ಎಂಜಿನಿಯರ್‌ಗಳ ನೆನಪಿನಿಂದ ಕೆದಕಬೇಕಾಗುತ್ತದೆ. ಮೊದಲ ದಿನದಿಂದಲೇ ಕಡತ ಇಡುವುದು ಅಗ್ಗವೂ ಹೌದು, ಸುರಕ್ಷಿತವೂ ಹೌದು.

ಚಾಟ್‌ಬಾಟ್ ಆಡಿದ ಮಾತಿಗೆ ಯಾರು ಹೊಣೆ?

ಹೆಚ್ಚಿನ ಸಣ್ಣ ಅಂಗಡಿ, ಹೋಟೆಲ್, ಪ್ರವಾಸ ಸಂಸ್ಥೆಗಳು ಕಾಯ್ದೆಯನ್ನು ಮುಖಾಮುಖಿಯಾಗುವುದು ಚಾಟ್‌ಬಾಟ್‌ನ ಮೂಲಕ. 50ನೇ ವಿಧಿಯಂತೆ, ಸಂದರ್ಭದಿಂದಲೇ ಸ್ಪಷ್ಟವಾಗದಿದ್ದಲ್ಲಿ, ತಾನು ಯಂತ್ರದೊಡನೆ ಸಂವಾದಿಸುತ್ತಿರುವುದು ಗಿರಾಕಿಗೆ ಗೊತ್ತಾಗುವಂತೆ ವ್ಯವಸ್ಥೆ ರೂಪುಗೊಂಡಿರಬೇಕು. ನಿಜವೆಂದು ತೋರುವ ಕೃತಕ ಚಿತ್ರ, ದೃಶ್ಯಗಳನ್ನು ಪ್ರಕಟಿಸುವವರು ಅವು ಕೃತಕವೆಂದು ಘೋಷಿಸಬೇಕು.

ತಿಳಿಸಿದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಯುರೋಪಿನ ಆಚೆ, ಕೆನಡಾದ ಪ್ರಕರಣವೊಂದು ಇದಕ್ಕೆ ಪಾಠವಾಗಿದೆ. ಅಜ್ಜಿ ತೀರಿಕೊಂಡಾಗ ಪ್ರಯಾಣಿಕರೊಬ್ಬರು ಏರ್ ಕೆನಡಾದ ಜಾಲತಾಣದಲ್ಲಿ ವಿಚಾರಿಸಿದಾಗ, ಪ್ರಯಾಣದ ನಂತರವೂ ರಿಯಾಯಿತಿಗೆ ಅರ್ಜಿ ಹಾಕಬಹುದೆಂದು ಚಾಟ್‌ಬಾಟ್ ತಪ್ಪು ಮಾಹಿತಿ ನೀಡಿತು. ಚಾಟ್‌ಬಾಟ್‌ನ ಮಾತಿಗೆ ತಾನು ಹೊಣೆಯಲ್ಲವೆಂಬ ಕಂಪನಿಯ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿ ಪರಿಹಾರ ಕೊಡಿಸಿತು. ಜಾಲತಾಣದಲ್ಲಿರುವ ಎಲ್ಲ ಮಾಹಿತಿಗೂ ಅದರ ಒಡೆತನದ ಸಂಸ್ಥೆಯೇ ಉತ್ತರದಾಯಿ ಎಂಬುದು ಆ ತೀರ್ಪಿನ ತಿರುಳು.

ಕರಾರು ಮತ್ತು ತರಬೇತಿ

ಉಪಕರಣ ಕೊಳ್ಳುವಾಗ ಬೆಲೆಯ ಜೊತೆಗೆ ಕೆಲವು ಮಾತುಗಳನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು. ಉಪಕರಣ ಯಾವ ಅಪಾಯದ ವರ್ಗಕ್ಕೆ ಸೇರುತ್ತದೆ, ಬಳಕೆಯ ಸೂಚನೆಗಳು ಯಾವ ಭಾಷೆಯಲ್ಲಿ ದೊರೆಯುತ್ತವೆ, ದಾಖಲೆಗಳನ್ನು ಬಳಸುವವರು ಪಡೆಯಬಹುದೇ, ಹೊಸ ಆವೃತ್ತಿಯಲ್ಲಿ ಆಗುವ ಬದಲಾವಣೆಯನ್ನು ಮುಂಚಿತವಾಗಿ ತಿಳಿಸುತ್ತಾರೆಯೇ, ಉಣಿಸಿದ ಮಾಹಿತಿಯನ್ನು ಮಾರಾಟಗಾರರು ತಮ್ಮ ಯಂತ್ರದ ಕಲಿಕೆಗೆ ಬಳಸಿಕೊಳ್ಳುತ್ತಾರೆಯೇ ಎಂಬ ಪ್ರಶ್ನೆಗಳಿಗೆ ‘ನಮ್ಮದು ಕಾಯ್ದೆಬದ್ಧ’ ಎಂಬ ಜಾಹೀರಾತಿನ ಸಾಲು ಉತ್ತರವಾಗದು.

ಎಐ ಬಳಸುವ ಸಿಬ್ಬಂದಿಗೆ ಅದರ ಬಗ್ಗೆ ತಕ್ಕಷ್ಟು ತಿಳಿವಳಿಕೆ ನೀಡಬೇಕೆಂಬ 4ನೇ ವಿಧಿ 2025ರ ಫೆಬ್ರವರಿ 2ರಿಂದ ಅನ್ವಯಕ್ಕೆ ಬಂದಿತು. ಇದಕ್ಕೆ ಪ್ರಮಾಣಪತ್ರವೇನೂ ಕಡ್ಡಾಯವಾಗಿರಲಿಲ್ಲ. ಯಾವ ಮಾಹಿತಿಯನ್ನು ಚಾಟ್‌ಬಾಟ್‌ಗೆ ಕೊಡಬಾರದು, ಯಂತ್ರದ ಉತ್ತರವನ್ನು ಎಲ್ಲಿ ಪರೀಕ್ಷಿಸಬೇಕು, ಅನುಮಾನ ಬಂದರೆ ಯಾರಿಗೆ ಹೇಳಬೇಕು ಎಂಬ ಒಂದು ಪುಟದ ಲಿಖಿತ ನೀತಿ ಮತ್ತು ವರ್ಷಕ್ಕೊಮ್ಮೆ ನಡೆಸುವ ತರಗತಿಯ ಹಾಜರಿ ಪುಸ್ತಕ ಸಣ್ಣ ಸಂಸ್ಥೆಗೆ ಉತ್ತಮ ಆರಂಭ.

ದಂಡ ಎಷ್ಟು, ರಿಯಾಯಿತಿ ಏನು?

ನಿಷೇಧಿತ ಬಳಕೆಗೆ 3.5 ಕೋಟಿ ಯೂರೋ ಅಥವಾ ಜಾಗತಿಕ ವಾರ್ಷಿಕ ವಹಿವಾಟಿನ ಶೇ. 7ರವರೆಗೆ, ಇತರ ಮುಖ್ಯ ಕರ್ತವ್ಯಗಳ ಉಲ್ಲಂಘನೆಗೆ 1.5 ಕೋಟಿ ಯೂರೋ ಅಥವಾ ಶೇ. 3ರವರೆಗೆ, ಅಧಿಕಾರಿಗಳಿಗೆ ತಪ್ಪು ಮಾಹಿತಿ ನೀಡಿದರೆ 75 ಲಕ್ಷ ಯೂರೋ ಅಥವಾ ಶೇ. 1ರವರೆಗೆ ದಂಡ ವಿಧಿಸಲು ಅವಕಾಶವಿದೆ. ದೊಡ್ಡ ಕಂಪನಿಗಳಿಗೆ ಎರಡರಲ್ಲಿ ಹೆಚ್ಚಿನ ಮೊತ್ತ ಮಿತಿಯಾದರೆ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಕಡಿಮೆ ಮೊತ್ತವೇ ಮಿತಿ. ವರ್ಷಕ್ಕೆ 10 ಕೋಟಿ ರೂಪಾಯಿ ವಹಿವಾಟಿನ ಸಂಸ್ಥೆಗೆ ಶೇ. 3 ಎಂದರೆ 30 ಲಕ್ಷ ರೂಪಾಯಿ. ದಿವಾಳಿ ಎಬ್ಬಿಸುವ ಮೊತ್ತ ಇದಲ್ಲದಿದ್ದರೂ ಒಂದು ವರ್ಷದ ಲಾಭವನ್ನು ನುಂಗಬಲ್ಲದು.

ಒಕ್ಕೂಟದ ವ್ಯಾಖ್ಯೆಯಂತೆ 250ಕ್ಕಿಂತ ಕಡಿಮೆ ಸಿಬ್ಬಂದಿ ಇದ್ದು, ವಾರ್ಷಿಕ ವಹಿವಾಟು 5 ಕೋಟಿ ಯೂರೋ ಅಥವಾ ಆಸ್ತಿ-ಹೊಣೆ ಪಟ್ಟಿಯ ಮೊತ್ತ 4.3 ಕೋಟಿ ಯೂರೋ ಮೀರದ ಸಂಸ್ಥೆಗಳು ಸಣ್ಣ ಮತ್ತು ಮಧ್ಯಮ ಉದ್ದಿಮೆಗಳು. ಇವುಗಳಿಗೆ ಸರಳ ನಮೂನೆಯ ತಾಂತ್ರಿಕ ದಾಖಲೆ, ಮೌಲ್ಯಮಾಪನ ಶುಲ್ಕದಲ್ಲಿ ಇಳಿಕೆ ಮುಂತಾದ ಅನುಕೂಲಗಳಿವೆ. ಹೊಸ ವ್ಯವಸ್ಥೆಗಳನ್ನು ಅಧಿಕಾರಿಗಳ ಕಣ್ಗಾವಲಿನಲ್ಲಿ ಪರೀಕ್ಷಿಸುವ ‘ಪ್ರಯೋಗಾಂಗಣ’ಗಳಿಗೆ ಆದ್ಯತೆಯ ಪ್ರವೇಶವೂ ಉಂಟು. ಆದರೆ ಒಕ್ಕೂಟದೊಳಗೆ ನೋಂದಾಯಿತ ಕಚೇರಿ ಅಥವಾ ಶಾಖೆ ಇರುವವರಿಗೆ ಮಾತ್ರ ಈ ಆದ್ಯತೆ. ಬೆಂಗಳೂರಿನಿಂದಲೇ ವ್ಯವಹರಿಸುವ ಸಂಸ್ಥೆಗೆ ಕಾಯ್ದೆಯ ಭಾರ ಉಂಟು, ಈ ಆಸರೆ ಇಲ್ಲ.

ದಿನಾಂಕಗಳ ಗೊಂದಲ

ಕಾಯ್ದೆ ಹಂತಹಂತವಾಗಿ ಅನ್ವಯವಾಗುವಂತೆ ರೂಪುಗೊಂಡಿತು. ನಿಷೇಧಗಳು 2025ರ ಫೆಬ್ರವರಿ 2ರಿಂದ, ಸಾಮಾನ್ಯ ಉದ್ದೇಶದ ದೊಡ್ಡ ಮಾದರಿಗಳ ತಯಾರಕರ ಕರ್ತವ್ಯಗಳು 2025ರ ಆಗಸ್ಟ್ 2ರಿಂದ ಅನ್ವಯವಾದವು. ಉಳಿದ ಬಹುತೇಕ ಅಂಶಗಳಿಗೆ ಮೂಲ ಪಠ್ಯ ನಿಗದಿಪಡಿಸಿದ್ದು 2026ರ ಆಗಸ್ಟ್ 2.

ಉನ್ನತ ಅಪಾಯದ ವ್ಯವಸ್ಥೆಗಳಿಗೆ ಬೇಕಾದ ತಾಂತ್ರಿಕ ಮಾನಕಗಳು ಸಕಾಲಕ್ಕೆ ಸಿದ್ಧವಾಗದ ಕಾರಣ, ಐರೋಪ್ಯ ಆಯೋಗವು 2025ರ ನವೆಂಬರ್ 19ರಂದು ತಿದ್ದುಪಡಿಯ ಪ್ರಸ್ತಾವವೊಂದನ್ನು ಮಂಡಿಸಿತು. ಮೂರನೇ ಅನುಬಂಧದ ವ್ಯವಸ್ಥೆಗಳಿಗೆ 2027ರ ಡಿಸೆಂಬರ್ 2ರವರೆಗೆ, ಉತ್ಪನ್ನಗಳಲ್ಲಿ ಅಡಕವಾದವುಗಳಿಗೆ 2028ರ ಆಗಸ್ಟ್ 2ರವರೆಗೆ ಗಡುವು ಮುಂದೂಡುವ ಹಾಗೂ ಸಿಬ್ಬಂದಿ ತಿಳಿವಳಿಕೆಯ ಹೊಣೆಯನ್ನು ಸಡಿಲಿಸುವ ಅಂಶಗಳು ಅದರಲ್ಲಿದ್ದವು. ಆದ್ದರಿಂದ ಉದ್ದಿಮೆಗಳು ಹಳೆಯ ಕೈಪಿಡಿಗಳಲ್ಲಿನ ದಿನಾಂಕಗಳನ್ನು ನೆಚ್ಚಿಕೊಳ್ಳದೆ, ಅಧಿಕೃತ ರಾಜಪತ್ರದಲ್ಲಿರುವ ತಿದ್ದುಪಡಿ ಸಹಿತ ಪಠ್ಯವನ್ನು ನೋಡಿಯೇ ತಮ್ಮ ವೇಳಾಪಟ್ಟಿ ಹಾಕಿಕೊಳ್ಳಬೇಕು. ಗಡುವು ಹಿಂದುಮುಂದಾದರೂ ಪಟ್ಟಿ, ಪಾತ್ರ, ವರ್ಗೀಕರಣಗಳ ಕೆಲಸ ಬದಲಾಗುವುದಿಲ್ಲ.

ಭಾರತದಲ್ಲಿ ಪರಿಸ್ಥಿತಿ

ಭಾರತ ಬೇರೆಯೇ ಹಾದಿ ಹಿಡಿದಿದೆ. ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2025ರ ನವೆಂಬರ್‌ನಲ್ಲಿ ಪ್ರಕಟಿಸಿದ ಎಐ ಆಡಳಿತ ಮಾರ್ಗಸೂಚಿಗಳು ಪ್ರತ್ಯೇಕ ಕಾಯ್ದೆಯ ಬದಲು ಈಗಿರುವ ಕಾನೂನುಗಳನ್ನೇ ಬಳಸಿಕೊಳ್ಳುವ ಒಲವು ತೋರಿದವು. ಅವುಗಳಲ್ಲಿ ಮುಖ್ಯವಾದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚಿತವಾದವು. ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಯಿತು. ದತ್ತಾಂಶದ ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಈ ಕಾಯ್ದೆ ಅವಕಾಶ ನೀಡುತ್ತದೆ.

ವಿದೇಶಿ ಗಿರಾಕಿಯೊಡನೆ ಕರಾರು ಮಾಡಿಕೊಂಡು, ಭಾರತದಲ್ಲಿಲ್ಲದ ವ್ಯಕ್ತಿಗಳ ಮಾಹಿತಿಯನ್ನು ಇಲ್ಲಿ ಸಂಸ್ಕರಿಸುವ ಸಂಸ್ಥೆಗಳಿಗೆ ಈ ಕಾಯ್ದೆಯ ಹಲವು ಅಂಶಗಳಿಂದ ವಿನಾಯಿತಿ ಇದೆ. ಆದರೆ ಮಾಹಿತಿಯನ್ನು ಭದ್ರವಾಗಿಡುವ ಹೊಣೆಯಿಂದ ವಿನಾಯಿತಿ ಇಲ್ಲ. ಹೀಗಾಗಿ ಆಮ್‌ಸ್ಟರ್‌ಡ್ಯಾಮ್‌ನ ಅರ್ಜಿದಾರರ ವಿವರಗಳನ್ನು ಬೆಂಗಳೂರಿನಲ್ಲಿ ಇರಿಸಿಕೊಂಡ ಸಂಸ್ಥೆ ಎರಡೂ ಕಡೆಯ ಕಾನೂನಿಗೆ ಉತ್ತರ ಕೊಡಬೇಕಾಗುತ್ತದೆ.

ಯಾರಿಗಾಗಿ ಈ ಕಡತ?

ಕಾಗದಪತ್ರಗಳ ಹೊರೆ ಸಣ್ಣವರನ್ನು ಹಿಂಡುತ್ತದೆ, ಹೊಸ ಪ್ರಯತ್ನಗಳನ್ನು ಚಿವುಟುತ್ತದೆ ಎಂಬ ಆಕ್ಷೇಪ ಯುರೋಪಿನಲ್ಲೇ ಪ್ರಬಲವಾಗಿದೆ. ಆಯೋಗದ ತಿದ್ದುಪಡಿ ಪ್ರಸ್ತಾವಕ್ಕೆ ಅದೂ ಒಂದು ಕಾರಣ. ಆ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ವಕೀಲರ ಪಡೆ ಇರುವ ಕಂಪನಿಗೆ ನೂರು ಪುಟದ ದಾಖಲೆ ಲೆಕ್ಕಕ್ಕಿಲ್ಲ. ಹತ್ತು ಮಂದಿಯ ಸಂಸ್ಥೆಗೆ ಅದು ಒಬ್ಬರ ತಿಂಗಳುಗಟ್ಟಲೆಯ ದುಡಿಮೆ.

ಅದೇ ವೇಳೆ, ಅರ್ಜಿ ಹಾಕಿ ಉತ್ತರಕ್ಕಾಗಿ ಕಾಯುವ ಯುವತಿಗೆ ತಿರಸ್ಕರಿಸಿದ ಸಂಸ್ಥೆ ಚಿಕ್ಕದೋ ದೊಡ್ಡದೋ ಎಂಬುದರಿಂದ ವ್ಯತ್ಯಾಸವಾಗುವುದಿಲ್ಲ. ತನ್ನನ್ನು ಏಕೆ ಕೈಬಿಡಲಾಯಿತು ಎಂದು ಆಕೆ ಕೇಳಿದಾಗ ‘ಕಂಪ್ಯೂಟರ್ ಹಾಗೆ ಹೇಳಿತು’ ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಸಂಸ್ಥೆಯ ಬಳಿ ಇರಬೇಕು. ಉಪಕರಣಗಳ ಪಟ್ಟಿಯಿಂದ ಆರಂಭಿಸಿದ ಉದ್ದಿಮೆಗೆ ಆ ಉತ್ತರ ಹುಡುಕಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.